ಮೆಜೆಸ್ಟಿಕ್‌ನಲ್ಲಿ ನೀರು, ನೀರಿನ ಮೇಲೆ ಡಬಲ್ ಡೆಕರ್: ಈ ಕನಸು ಎಲ್ಲಿಂದ ಬಂದಿರಬಹುದು?

ಶ್ರೀರಾಮಪುರದವ:
ಎಲ್ಲರಿಗೂ ನಮಸ್ಕಾರ. ನನಗೀಗ ಐವತ್ತಾರು ವರ್ಷ. ಕನಸಿಗೆ ಅರ್ಥ ಹುಡುಕುವ ಜಾಯಮಾನ ನನ್ನದಲ್ಲ. ಆದರೂ ಕಳೆದ ಮಂಗಳವಾರ ಬೆಳಗಿನ ಜಾವ ಬಿದ್ದ ಕನಸೊಂದು ನಾಲ್ಕು ದಿನಗಳಿಂದ ಬೆನ್ನು ಬಿಟ್ಟಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಮೆಜೆಸ್ಟಿಕ್ ಬಸ್ ನಿಲ್ದಾಣದ ತುಂಬ ನೀರು. ಮಳೆಯ ಕೆಂಪು ನೀರಲ್ಲ, ನಿಂತು ತಿಳಿಯಾದ, ದಡದಲ್ಲಿ ಪಾಚಿ ಕಟ್ಟಿದ ಕೆರೆಯ ನೀರು. ಪ್ಲಾಟ್‌ಫಾರಂಗಳ ಅಂಚಿಗೆ ಅದು ಮೆಲ್ಲಗೆ ಬಡಿಯುತ್ತಿತ್ತು. ಹಳೆಯ ಕೆಂಪು ಡಬಲ್ ಡೆಕರ್ ಬಸ್ಸೊಂದು ಸದ್ದಿಲ್ಲದೆ ತೇಲಿ ಬಂದು ನನ್ನ ಮುಂದೆ ನಿಂತಿತು. ಚಾಲಕನ ಜಾಗದಲ್ಲಿ ಯಾರೂ ಇರಲಿಲ್ಲ. ಒಳಗೆ ಕುಳಿತವರೆಲ್ಲ ತಮ್ಮ ತಮ್ಮ ಚಪ್ಪಲಿಗಳನ್ನು ಮಡಿಲಲ್ಲಿ ಇಟ್ಟುಕೊಂಡಿದ್ದರು. ಮೇಲಿನ ಮಹಡಿಯಿಂದ ಹುಡುಗರ ನಗು ಕೇಳಿಸುತ್ತಿತ್ತಾದರೂ ಮೆಟ್ಟಿಲು ಒದ್ದೆಯಾಗಿದ್ದುದರಿಂದ ನಾನು ಹತ್ತಲಿಲ್ಲ. ಆಗ ನನ್ನ ತಂದೆ ಬಂದರು. ಅವರು ಬಿ.ಟಿ.ಎಸ್.ನಲ್ಲಿ, ಅಂದರೆ ಬೆಂಗಳೂರಿನ ಆಗಿನ ನಗರ ಬಸ್ ಸಂಸ್ಥೆಯಲ್ಲಿ, ಕಂಡಕ್ಟರ್ ಆಗಿದ್ದವರು, ತೀರಿಕೊಂಡು ಹತ್ತೊಂಬತ್ತು ವರ್ಷಗಳಾದವು. ಖಾಕಿ ಅಂಗಿ, ಹೆಗಲಿಗೆ ತೊಗಲಿನ ಚೀಲ, ಕಿವಿಯ ಸಂದಿಯಲ್ಲಿ ಮೋಟು ಪೆನ್ಸಿಲು ಎಲ್ಲವೂ ಇದ್ದವು, ಕಾಲು ಮಾತ್ರ ಬರಿಗಾಲು. ಟಿಕೆಟ್ ಹರಿದು, ಅದರ ಬೆನ್ನ ಮೇಲೆ ಏನನ್ನೋ ಗೀಚಿ, ನನ್ನ ಮುಖವನ್ನು ನೋಡದೆ ಹೇಳಿದರು: "ಹಿಂದೆ ಬರ್ದಿದೀನಿ. ಇಳಿಯೋವಾಗ ಕೇಳಿ ಇಸ್ಕೊಳ್ಳಿ." ತಿರುಗಿಸಿ ನೋಡುವಷ್ಟರಲ್ಲಿ ಪೆನ್ಸಿಲಿನ ಗೆರೆಗಳು ಕಾಗದದಿಂದ ನೀರಿಗೆ ಇಳಿದುಹೋಗಿದ್ದವು. ಎಚ್ಚರವಾದಾಗ ಹಾಲಿನವನು ಬೆಲ್ ಒತ್ತುತ್ತಿದ್ದ.

ನನ್ನ ಪ್ರಶ್ನೆ ಇಷ್ಟೆ. ಮೆಜೆಸ್ಟಿಕ್‌ನಲ್ಲಿ ನಾನು ಎಂದೂ ಕೆರೆಯನ್ನು ಕಂಡವನಲ್ಲ. ಹಾಗಿದ್ದರೂ ಆ ನೀರು ಅಷ್ಟು ಪರಿಚಿತವೆನಿಸಿದ್ದು ಹೇಗೆ?

ಟ್ಯಾಂಕ್‌ಬಂಡ್ ಹಳಬ:
ನೀವು ಕಂಡಿಲ್ಲ, ಸರಿ. ಆದರೆ ಕೆರೆ ಇದ್ದದ್ದಂತೂ ನಿಜ. ಈಗ ಬಸ್ಸುಗಳು ನಿಲ್ಲುವ ಜಾಗ ಧರ್ಮಾಂಬುಧಿ ಕೆರೆಯ ಅಂಗಳ. ಕೆಂಪೇಗೌಡರ ಕಾಲದ ಕೆರೆಯೆಂದು ಹೇಳುವುದು ವಾಡಿಕೆ. ಪೇಟೆಗೆ ನೀರು ಕೊಡುತ್ತಿದ್ದ ಆ ಕೆರೆಗೆ ಒಳಹರಿವು ತಪ್ಪಿದ್ದು ಊರು ಬೆಳೆದು, ರೈಲು ಹಳಿ ಬಂದ ಮೇಲೆ. 1890ರ ದಶಕದಲ್ಲಿ ಹೆಸರಘಟ್ಟದ ನೀರು ಕೊಳಾಯಿಯಲ್ಲಿ ಬರತೊಡಗಿದಾಗ ಅದನ್ನು ಕೇಳುವವರೂ ಇಲ್ಲವಾದರು. ನಾನು ಹುಡುಗನಾಗಿದ್ದಾಗ ಅದು ಸುಭಾಷ್ ನಗರದ ಬಯಲು. ಸಭೆಗೂ ಸರ್ಕಸ್ಸಿಗೂ ಅದೇ ಜಾಗ. ಬಸ್ ನಿಲ್ದಾಣ ಎದ್ದದ್ದು ಅರವತ್ತರ ದಶಕದಲ್ಲಿ. ಪಕ್ಕದ ರಸ್ತೆಯನ್ನು ಇಂದಿಗೂ ಟ್ಯಾಂಕ್ ಬಂಡ್ ರಸ್ತೆ ಎಂದೇ ಕರೆಯುತ್ತೇವಲ್ಲ, ಏರಿ ಉಳಿದಿದೆ, ಕೆರೆ ಹೋಗಿದೆ. ನಮ್ಮ ಅಜ್ಜಿ ಸಾಯುವ ತನಕವೂ ಬಸ್ ನಿಲ್ದಾಣಕ್ಕೆ ಹೋಗುವುದನ್ನು "ಕೆರೆಗೆ ಇಳಿಯೋದು" ಎಂದೇ ಹೇಳುತ್ತಿದ್ದರು. ನಿಮ್ಮ ಮನೆಯಲ್ಲೂ ಅಂಥವರು ಯಾರಾದರೂ ಇದ್ದಿರಬಹುದು.

ಸಂಶಯಾತ್ಮ:
ಅಜ್ಜಿಯ ತನಕ ಹೋಗಬೇಕಾಗಿಲ್ಲ. ಹಳೆಯ ಬೆಂಗಳೂರಿನ ಕಪ್ಪುಬಿಳುಪು ಚಿತ್ರಗಳು ದಿನಬೆಳಗಾದರೆ ವಾಟ್ಸ್ಆ್ಯಪ್‌ನಲ್ಲಿ ಬರುತ್ತವೆ. ಅದರಲ್ಲೊಂದನ್ನು ನೀವು ನೋಡಿ ಮರೆತಿದ್ದೀರಿ, ಅಷ್ಟೆ.

ಪಂಚಾಂಗಪ್ರಿಯ:
ಬೆಳಗಿನ ಜಾವದ ಕನಸು, ಅದರಲ್ಲಿ ಗತಿಸಿದ ತಂದೆ, ಬರಿಗಾಲು, ನೀರು. ಇಷ್ಟು ಲಕ್ಷಣಗಳು ಒಟ್ಟಿಗೆ ಕಂಡ ಮೇಲೂ ವಾಟ್ಸ್ಆ್ಯಪ್ ಎನ್ನುವವರಿಗೆ ಏನು ಹೇಳಬೇಕೋ ತಿಳಿಯದು. ಪಿತೃಗಳು ನೀರಿನ ನಡುವೆ ನಿಂತು ಕಾಣಿಸಿಕೊಂಡರೆ ಅವರು ಎಳ್ಳು ನೀರನ್ನು ಬಯಸುತ್ತಿದ್ದಾರೆ ಎಂದು ನಮ್ಮ ಮನೆಯ ಹಿರಿಯರು ಹೇಳುತ್ತಿದ್ದರು. "ಹಿಂದೆ ಬರೆದಿದೆ" ಎಂದರೆ ಋಣ ಬಾಕಿ ಇದೆ ಎಂದಲ್ಲದೆ ಮತ್ತೇನು? ಮಹಾಲಯ ಅಮಾವಾಸ್ಯೆಯಂದು ತರ್ಪಣ ಬಿಡಿ, ಕಾಗೆಗೆ ಅನ್ನವಿಡಿ, ಮನಸ್ಸು ಹಗುರವಾಗುತ್ತದೆ.

ಸಂಶಯಾತ್ಮ:
ನಮ್ಮ ಮನೆಯ ಹಿರಿಯರ ಪ್ರಕಾರ ಕನಸಿನಲ್ಲಿ ಹಲ್ಲು ಬಿದ್ದರೆ ಹತ್ತಿರದವರ ಸಾವು, ಮದುವೆ ಕಂಡರೆ ಕೇಡು, ಸಾವು ಕಂಡರೆ ಆಯುಷ್ಯ ವೃದ್ಧಿ. ನನಗೆ ಹಲ್ಲು ಬಿದ್ದ ಕನಸು ವರ್ಷಕ್ಕೆ ನಾಲ್ಕು ಸಲ ಬೀಳುತ್ತದೆ. ಆ ಲೆಕ್ಕದಲ್ಲಿ ಇಷ್ಟು ಹೊತ್ತಿಗೆ ನಮ್ಮ ವಂಶದಲ್ಲಿ ನಾನೊಬ್ಬನೇ ಉಳಿದಿರಬೇಕಿತ್ತು.

ಮಲ್ಲೇಶ್ವರದ ಮಲ್ಲಿಗೆ:
ಇಬ್ಬರೂ ಒಂದು ಮುಖ್ಯ ಮಾತನ್ನು ಗಮನಿಸಲಿಲ್ಲ. ಬೆಂಗಳೂರಿನಲ್ಲಿ "ಹಿಂದೆ ಬರೆದಿದ್ದೇನೆ" ಎಂದರೆ ಋಣವೂ ಅಲ್ಲ, ಶಾಸ್ತ್ರವೂ ಅಲ್ಲ, ಚಿಲ್ಲರೆ! ನಾವು ದೊಡ್ಡ ನೋಟು ಕೊಟ್ಟಾಗ ಕಂಡಕ್ಟರ್ ಬಳಿ ಚಿಲ್ಲರೆ ಇಲ್ಲದಿದ್ದರೆ ಕೊಡಬೇಕಾದ ಬಾಕಿಯನ್ನು ಟಿಕೆಟಿನ ಹಿಂದೆ ಬರೆದುಕೊಡುತ್ತಾರೆ, ಇಳಿಯುವಾಗ ನಾವೇ ಕೇಳಿ ಪಡೆಯಬೇಕು. ನನ್ನ ಅರ್ಧ ಆಯುಷ್ಯ ಆ ಬಾಕಿಯನ್ನು ಮರೆತು ಇಳಿದು, ಬಸ್ಸು ಹೊರಟ ಮೇಲೆ ಹಣೆ ಚಚ್ಚಿಕೊಳ್ಳುವುದರಲ್ಲೇ ಕಳೆದಿದೆ. 2023ರ ಜೂನ್ 11ರಿಂದ ಹೆಂಗಸರಾದ ನಮ್ಮ ಪ್ರಯಾಣ ಉಚಿತವಾಗಿ ಕೈಗೆ ಶೂನ್ಯ ದರದ ಟಿಕೆಟ್ ಬರುತ್ತಿರುವುದರಿಂದ ಆ ಸಂಕಟ ತಪ್ಪಿದೆ.

ನನಗೆ ಚುಚ್ಚಿದ್ದು ಬೇರೆ ವಿಷಯ. ತಂದೆ ಮಗನಿಗೆ "ಇಸ್ಕೋ" ಎನ್ನದೆ "ಇಸ್ಕೊಳ್ಳಿ" ಎಂದರಲ್ಲ, ಏಕೆ? ಶ್ರೀರಾಮಪುರದವರೇ, ನಿಮ್ಮ ಮನೆಯಲ್ಲಿ ಮಕ್ಕಳನ್ನು ಬಹುವಚನದಲ್ಲಿ ಮಾತನಾಡಿಸುವ ರೂಢಿ ಇತ್ತೇ?

ಕೆ.ಆರ್.ಪುರದ ಹೊಸಬ:
ಟಿಕೆಟಿನ ಹಿಂದೆ ಬರೆಯುವ ಪದ್ಧತಿಯನ್ನು ನಾನು ಹುಬ್ಬಳ್ಳಿಯಿಂದ ಬಂದ ಮೊದಲ ವಾರವೇ ಕಲಿತೆ. ಕಲಿಕೆಯ ಶುಲ್ಕ ನಲವತ್ತು ರೂಪಾಯಿ.

ಶ್ರೀರಾಮಪುರದವ:
ಮಲ್ಲಿಗೆಯವರೇ, ನಿಮ್ಮ ಪ್ರಶ್ನೆಯನ್ನು ಓದಿ ಬಹಳ ಹೊತ್ತು ಸುಮ್ಮನೆ ಕುಳಿತೆ. ಬಹುವಚನದ ರೂಢಿ ಇರಲಿಲ್ಲ. ಅಪ್ಪನ ಬಾಯಲ್ಲಿ ನಾವೆಲ್ಲ "ಲೋ", "ಲೇ", "ಬಾರೋ" ಇಷ್ಟೆ. ಅವರು ನನ್ನೊಡನೆ ಬಹುವಚನದಲ್ಲಿ ಮಾತನಾಡಿದ್ದು ಒಂದೇ ಒಂದು ಸಲ. ಅದನ್ನು ಇಲ್ಲಿ ಬರೆಯಬೇಕೋ ಬೇಡವೋ ಎಂದು ಅಳೆದು ಸುರಿದು, ಕೊನೆಗೆ ಬರೆಯುತ್ತಿದ್ದೇನೆ.

ನಾನು ಎರಡನೆಯ ಪಿಯುಸಿಯಲ್ಲಿದ್ದ ಕಾಲ, 1986. ಕಾಲೇಜಿನ ನಾಲ್ವರು ಗೆಳೆಯರೊಂದಿಗೆ ಬಸ್ಸು ಹತ್ತಿದೆ. ಅವರೆಲ್ಲ ಅನುಕೂಲಸ್ಥರ ಮನೆಯ ಹುಡುಗರು. ನನ್ನ ತಂದೆ ಸರ್ಕಾರಿ ಕಚೇರಿಯಲ್ಲಿದ್ದಾರೆ ಎಂದು ನಾನು ಅವರಿಗೆ ಹೇಳಿಕೊಂಡಿದ್ದೆ. ನೋಡಿದರೆ ಆ ಬಸ್ಸಿಗೆ ಅಪ್ಪನೇ ಕಂಡಕ್ಟರ್. ಅವರು ನನ್ನನ್ನು ನೋಡಿದರು, ನನ್ನ ಜೊತೆಗಿದ್ದವರನ್ನು ನೋಡಿದರು, ನಾನು ಕಿಟಕಿಯ ಕಡೆ ತಿರುಗಿದ್ದನ್ನೂ ನೋಡಿದರು. ನಂತರ ಯಾವ ಪ್ರಯಾಣಿಕನನ್ನು ಕೇಳುವಂತೆಯೋ ಹಾಗೆ "ಎಲ್ಲಿಗೆ?" ಎಂದು ಕೇಳಿದರು. ನಾನು ನೋಟು ಕೊಟ್ಟೆ. ಅವರು ಟಿಕೆಟ್ ಹರಿದು, ಹಿಂದೆ ಬರೆದು, "ಇಳಿಯೋವಾಗ ಕೇಳಿ ಇಸ್ಕೊಳ್ಳಿ" ಎಂದರು. ಕೇಳಬೇಕಾದರೆ ಅವರೊಡನೆ ಮಾತನಾಡಬೇಕು. ಮಾತನಾಡಿದರೆ ಧ್ವನಿಯಲ್ಲೇ ಗುರುತು ಹತ್ತುತ್ತದೆ ಎಂಬ ಭಯ. ನಾನು ಕೇಳದೆ ಇಳಿದುಬಿಟ್ಟೆ. ಅಪ್ಪ ಆ ವಿಷಯವನ್ನು ಮನೆಯಲ್ಲಿ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ರಾತ್ರಿ ಅವರು ಎಂದಿನಂತೆ ಪತ್ರಿಕೆಯ ಹಾಳೆ ಹಾಸಿ, ಚೀಲದ ಚಿಲ್ಲರೆ ಸುರಿದು ಎಣಿಸುತ್ತ ಕುಳಿತಿದ್ದರು. ಚೌಕದ ಐದು ಪೈಸೆ, ಹೂವಿನಂಥ ಅಂಚಿನ ಹತ್ತು ಪೈಸೆ, ಆರು ಮೂಲೆಯ ಇಪ್ಪತ್ತು ಪೈಸೆಗಳನ್ನು ಬೇರೆ ಬೇರೆ ಕಂಬಗಳಾಗಿ ಪೇರಿಸುತ್ತಿದ್ದದ್ದು ಇಂದಿಗೂ ಕಣ್ಣಿಗೆ ಕಟ್ಟಿದೆ.

ಹೆಂಡತಿಗೂ ಹೇಳದ ಮಾತನ್ನು ಹೆಸರು ಗೊತ್ತಿಲ್ಲದ ನಿಮಗೆಲ್ಲ ಹೇಳಿದ್ದೇನೆ. ಕ್ಷಮೆ ಇರಲಿ.

ಮಲ್ಲೇಶ್ವರದ ಮಲ್ಲಿಗೆ:
ಕ್ಷಮೆ ಏಕೆ? ನಮ್ಮ ತಾಯಿ ಶಾಲೆಯ ಹತ್ತಿರ ತರಕಾರಿ ಬುಟ್ಟಿ ಹೊತ್ತು ಬಂದಾಗ ನಾನು ಕಾಂಪೌಂಡಿನ ಹಿಂದೆ ಅವಿತುಕೊಂಡವಳು. ಇಲ್ಲಿ ಓದುತ್ತಿರುವವರಲ್ಲಿ ಹೀಗೆ ಅವಿತುಕೊಂಡವರು ನಾನೊಬ್ಬಳೇ ಇರಲಾರೆ.

ರಾತ್ರಿಪಾಳಿ:
ನಿದ್ರೆಯನ್ನು ದಾಖಲಿಸುವ ಪ್ರಯೋಗಾಲಯದಲ್ಲಿ ತಂತ್ರಜ್ಞನಾಗಿ ಹನ್ನೊಂದು ವರ್ಷ ಕೆಲಸ ಮಾಡಿರುವ ನನಗೆ ಒಂದೆರಡು ಮಾತು ಸೇರಿಸಬೇಕೆನಿಸಿತು. 1953ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದ ಅಸೆರಿನ್ಸ್ಕಿ ಮತ್ತು ಕ್ಲೈಟ್ಮನ್ ಎಂಬವರು, ಮಲಗಿದವರ ಕಣ್ಣುಗುಡ್ಡೆಗಳು ರೆಪ್ಪೆಯ ಹಿಂದೆ ಬಿರುಸಾಗಿ ಓಡಾಡುವ ಹಂತವೊಂದನ್ನು ಗುರುತಿಸಿ, ಆಗ ಎಬ್ಬಿಸಿದರೆ ಹೆಚ್ಚಿನವರು ಕನಸು ಕಾಣುತ್ತಿದ್ದುದಾಗಿ ಹೇಳುತ್ತಾರೆ ಎಂದು ತೋರಿಸಿದರು. ನಾವು ರೆಮ್ ನಿದ್ರೆ ಎನ್ನುವುದು ಅದನ್ನೇ. ಸುಮಾರು ತೊಂಬತ್ತು ನಿಮಿಷಗಳ ಸುತ್ತುಗಳಲ್ಲಿ ಅದು ಬಂದು ಹೋಗುತ್ತದೆ, ರಾತ್ರಿ ಕಳೆದಂತೆ ಅದರ ಅವಧಿ ಹಿಗ್ಗುತ್ತದೆ. ಬೆಳಗಿನ ಜಾವದಲ್ಲಿ ಬೀಳುವ ಕನಸು ಉದ್ದವಾಗಿರುವುದೂ, ಹಾಲಿನವನು ಬೆಲ್ ಒತ್ತಿದಾಗ ಅದು ನೆನಪಿನಲ್ಲಿ ಉಳಿಯುವುದೂ ಈ ಕಾರಣಕ್ಕೆ. ಪಂಚಾಂಗಪ್ರಿಯರು ಬೇಸರಿಸಬಾರದು, ಬೆಳಗಿನ ಕನಸಿಗೆ ಹಿರಿಯರು ಕೊಟ್ಟ ಮಹತ್ವದ ಹಿಂದೆ ಈ ಅನುಭವವೂ ಇದ್ದೀತು.

ಇನ್ನೊಂದು ಸಂಗತಿ. ಹಿಂದಿನ ದಿನದ ಚೂರುಪಾರುಗಳು ಕನಸಿಗೆ ನುಗ್ಗುವುದು ಎಲ್ಲರಿಗೂ ಗೊತ್ತು. ಐದರಿಂದ ಏಳು ದಿನ ಹಳೆಯ ಘಟನೆಗಳೂ ಹಾಗೆ ತಡವಾಗಿ ನುಗ್ಗುತ್ತವೆ ಎಂಬುದನ್ನು ಸಂಶೋಧಕರು ಗಮನಿಸಿದ್ದಾರೆ. ಶ್ರೀರಾಮಪುರದವರೇ, ಆ ಮಂಗಳವಾರಕ್ಕೆ ಒಂದು ವಾರದ ಹಿಂದೆ ಏನಾಯಿತೆಂದು ನೆನಪಿಸಿಕೊಳ್ಳುವಿರಾ?

ಶ್ರೀರಾಮಪುರದವ:
ಆ ದಿನ ನನ್ನ ಸ್ಕೂಟರ್ ರಿಪೇರಿಗೆ ಹೋಗಿತ್ತು. ಬಹಳ ಕಾಲದ ಮೇಲೆ ಬಸ್ಸಿನಲ್ಲಿ ಹೋದೆ. ಇನ್ನೂರರ ನೋಟು ಕೊಟ್ಟೆ. ಕಂಡಕ್ಟರ್ ಹುಡುಗ ಯಂತ್ರದಿಂದ ಟಿಕೆಟ್ ಹರಿದು, ಹಿಂದೆ 180 ಎಂದು ಬರೆದುಕೊಟ್ಟ. ಮೆಜೆಸ್ಟಿಕ್‌ನಲ್ಲಿ ಜೋರು ಮಳೆ. ಇಳಿಯುವ ಗಡಿಬಿಡಿಯಲ್ಲಿ ನಾನು ಮರೆತೆನಾದರೂ ಆ ಹುಡುಗ ಮರೆಯಲಿಲ್ಲ, ಬಾಗಿಲಿನಿಂದ ಬಗ್ಗಿ "ಯಜಮಾನ್ರೇ, ಚಿಲ್ಲರೆ" ಎಂದು ಕೂಗಿ ಕರೆದು ಕೊಟ್ಟ. ಪ್ಲಾಟ್‌ಫಾರಂ ಪಕ್ಕ ಪಾದ ಮುಳುಗುವಷ್ಟು ನೀರು ನಿಂತಿತ್ತು, ಚಪ್ಪಲಿ ಕೈಯಲ್ಲಿ ಹಿಡಿದು ದಾಟಿದೆ. ಇದಿಷ್ಟೂ ಆಗಿದ್ದದ್ದು ನೀವು ಕೇಳುವ ತನಕ ನನ್ನ ತಲೆಯಲ್ಲೇ ಇರಲಿಲ್ಲ.

ಸಂಶಯಾತ್ಮ:
ನೀರು, ಚಪ್ಪಲಿ, ಟಿಕೆಟಿನ ಬೆನ್ನು ಮೂರಕ್ಕೂ ಮೂಲ ಸಿಕ್ಕಿತು. ಪಿತೃಗಳಿಗೆ ರಜೆ ಕೊಡಬಹುದು.

ಪಂಚಾಂಗಪ್ರಿಯ:
ಸೌದೆ ಎಲ್ಲಿಯದು ಎಂದು ತಿಳಿದ ಮಾತ್ರಕ್ಕೆ ಬೆಂಕಿ ಹಚ್ಚಿದವರು ಯಾರೆಂದು ತಿಳಿದಂತಾಗುವುದಿಲ್ಲ ಸ್ವಾಮಿ. ದಿನವೂ ಲಕ್ಷಾಂತರ ಜನ ಮೆಜೆಸ್ಟಿಕ್‌ನಲ್ಲಿ ಚಿಲ್ಲರೆ ಪಡೆಯುತ್ತಾರೆ, ಎಲ್ಲರ ಕನಸಿನಲ್ಲೂ ತಂದೆ ಬರುವುದಿಲ್ಲ.

ಕಾಗುಣಿತ ಕಾವಲುಗಾರ:
ಮಾಂಡೂಕ್ಯ ಉಪನಿಷತ್ತು ಜಾಗ್ರತ್, ಸ್ವಪ್ನ, ಸುಷುಪ್ತಿ, ತುರೀಯ ಎಂದು ನಾಲ್ಕು ಅವಸ್ಥೆಗಳನ್ನು ಹೇಳುತ್ತದೆ. ಇನ್ನೊಂದು ವೇದಿಕೆಯಲ್ಲಿ ಪಂಚಾಂಗಪ್ರಿಯರು ಮೂರನೆಯದನ್ನು "ಸುಶುಪ್ತಿ" ಎಂದು ಬರೆದಿದ್ದರು. ಅಲ್ಲಿ ತಿದ್ದಲು ಅವಕಾಶ ಸಿಗದಿದ್ದುದರಿಂದ ಇಲ್ಲಿ ತಿದ್ದುತ್ತಿದ್ದೇನೆ.

ಟ್ಯಾಂಕ್‌ಬಂಡ್ ಹಳಬ:
ಕೆರೆಯ ಮಾತು ಬಂದದ್ದರಿಂದ ಒಂದನ್ನು ಹೇಳಲೇಬೇಕು. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು, ಆದರೂ ಕರಗದ ವಿಧಿಗಳು ಇಂದಿಗೂ ಆ ಜಾಗವನ್ನು ಬಿಟ್ಟಿಲ್ಲ. ಊರು ಮರೆತ ನೀರನ್ನು ಆಚರಣೆ ನೆನಪಿಟ್ಟುಕೊಂಡಿದೆ. ಸೂಳೆ ಕೆರೆಯ ಜಾಗದಲ್ಲಿ ಫುಟ್‌ಬಾಲ್ ಆಡುತ್ತಾರೆ, ಚಲ್ಲಘಟ್ಟ ಕೆರೆಯ ಜಾಗದಲ್ಲಿ ಗಾಲ್ಫ್. ಇನ್ನು ಮಿಲ್ಲರ್ಸ್ ಕೆರೆಯದಂತೂ ದೊಡ್ಡ ಕಥೆ...

ನಿರ್ವಾಹಕ:
ಕೆರೆಗಳಿಗೆ ಪ್ರತ್ಯೇಕ ಚರ್ಚೆ ಈಗಾಗಲೇ ಇದೆ. ದಯವಿಟ್ಟು ಕನಸಿನ ವಿಷಯಕ್ಕೆ ಮರಳಿ.

ಎರಡು ಬೆಲ್:
ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ನಾನೂ ನಿರ್ವಾಹಕನೇ, ಈ ವೇದಿಕೆಯದಲ್ಲ, ಬಸ್ಸಿನದು. ಮೂವತ್ತೊಂದು ವರ್ಷ ಕಂಡಕ್ಟರ್ ಆಗಿದ್ದು ನಿವೃತ್ತನಾದವನು. ಶ್ರೀರಾಮಪುರದವರು ಬರೆದದ್ದನ್ನು ಓದಿ ಕರುಳು ಚುರ್ ಎಂದಿತು. ಆದರೆ ಅವರು ಬರೆದದ್ದರಲ್ಲಿ ಒಂದು ಸಂಗತಿ ನನಗೆ ಸರಿಹೊಂದುತ್ತಿಲ್ಲ, ತಪ್ಪು ತಿಳಿಯಬೇಡಿ.

ಕಂಡಕ್ಟರ್ ಚೀಲದ ಹಣವನ್ನು ಮನೆಗೆ ತಂದು ಎಣಿಸುವಂತಿಲ್ಲ. ಪಾಳಿ ಮುಗಿದ ಕೂಡಲೇ ಡಿಪೋದಲ್ಲಿ ವೇ ಬಿಲ್ಲಿನ, ಅಂದರೆ ಟಿಕೆಟ್ ಮಾರಾಟ ಬರೆದಿಡುವ ಹಾಳೆಯ, ಲೆಕ್ಕಕ್ಕೆ ತಾಳೆ ನೋಡಿ ಕಟ್ಟಬೇಕು. ಪಾಳಿಯ ಆರಂಭದಲ್ಲಿ ನಮ್ಮ ಜೇಬಿನ ಸ್ವಂತ ಹಣ ಎಷ್ಟೆಂಬುದನ್ನೂ ಬರೆದಿಡಬೇಕು. ದಾರಿಯಲ್ಲಿ ತಪಾಸಣೆಯವರು ಹತ್ತಿದರೆ ಚೀಲದಲ್ಲಿ ಕಡಿಮೆ ಕಂಡರೂ ಪ್ರಶ್ನೆ, ಹೆಚ್ಚು ಕಂಡರೂ ಪ್ರಶ್ನೆ. ಹಾಗೆ ನೋಡಿದರೆ ಪ್ರಯಾಣಿಕರು ಕೇಳದೆ ಬಿಟ್ಟುಹೋದ ಚಿಲ್ಲರೆ ನಮಗೆ ಲಾಭವಲ್ಲ, ತಲೆನೋವು. ಆದ್ದರಿಂದಲೇ ನಿಮ್ಮ ಕಂಡಕ್ಟರ್ ಹುಡುಗ ಬಾಗಿಲಿನಿಂದ ಬಗ್ಗಿ ಕೂಗಿದ್ದು. ಒಳ್ಳೆಯತನವೂ ಇರಬಹುದು, ಇಲ್ಲವೆನ್ನುವುದಿಲ್ಲ.

ಮಗನಿಗೆ ಟಿಕೆಟ್ ಹರಿದದ್ದರಲ್ಲಿ ಮಾತ್ರ ಮುನಿಸು ಹುಡುಕಬೇಡಿ. ಟಿಕೆಟ್ ಇಲ್ಲದ ಮಗ ಬಸ್ಸಿನಲ್ಲಿ ಸಿಕ್ಕಿಬಿದ್ದರೆ ಹೋಗುವುದು ತಂದೆಯ ಕೆಲಸ. ನನ್ನ ಹೆಂಡತಿಗೂ ನಾನು ಟಿಕೆಟ್ ಹರಿದಿದ್ದೇನೆ. ಅವಳೂ ಮೂರು ದಿನ ಮಾತು ಬಿಟ್ಟಿದ್ದಳು.

ಕೆ.ಆರ್.ಪುರದ ಹೊಸಬ:
ಬಿ.ಟಿ.ಎಸ್. ಎಂದರೆ "ಬಿಟ್ರೆ ತಿರ್ಗಾ ಸಿಗೋಲ್ಲ" ಎಂದು ನಮ್ಮ ಕಚೇರಿಯ ಹಿರಿಯರು ಹೇಳುತ್ತಿರುತ್ತಾರೆ. ಅದು ನಿಜವಾಗಿಯೂ ಆ ಕಾಲದ ಮಾತೇ?

ಎರಡು ಬೆಲ್:
ಆ ಕಾಲದ್ದೇ. ನಮ್ಮ ಮುಖದ ಮುಂದೆಯೇ ಹೇಳುತ್ತಿದ್ದರು.

ಶ್ರೀರಾಮಪುರದವ:
ಎರಡು ಬೆಲ್ ಅವರೇ, ನಿಮ್ಮ ಮಾತು ಓದಿದ ಮೇಲೆ ನನಗೆ ನಿದ್ದೆ ಹತ್ತಲಿಲ್ಲ. ಚಿಲ್ಲರೆಯ ಕಂಬಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇಂದು ಬೆಳಿಗ್ಗೆ ನೆಲಮಂಗಲದಲ್ಲಿರುವ ಅಕ್ಕನಿಗೆ ಫೋನ್ ಮಾಡಿ ಕೇಳಿದೆ. ಅವಳಿಗೀಗ ಅರವತ್ತೈದು. ಅವಳು ಹೇಳಿದ್ದನ್ನು ಇದ್ದಂತೆಯೇ ಬರೆಯುತ್ತೇನೆ.

"ಅದು ಬಸ್ಸಿನ ದುಡ್ಡಲ್ಲ ಕಣೋ, ಅಮ್ಮನ ಹೂವಿನ ದುಡ್ಡು. ಸಾಯಂಕಾಲ ದೇವಸ್ಥಾನದ ಹತ್ರ ಮೊಳ ಹಾಕಿ ಮಾರ್ತಿರ್ಲಿಲ್ವ? ಅಮ್ಮಂಗೆ ಲೆಕ್ಕ ಬರ್ತಿರ್ಲಿಲ್ಲ, ಅಪ್ಪ ಎಣಿಸಿಕೊಡೋರು." ಅವಳು ಹೇಳುತ್ತಿದ್ದಂತೆಯೇ ಹಾಳೆಯ ಮೇಲೆ ಚಿಲ್ಲರೆಯ ಜೊತೆಗೆ ಬಾಳೆನಾರಿನ ಚೂರುಗಳು ಅಂಟಿಕೊಂಡಿದ್ದದ್ದು ನನಗೂ ಕಂಡಿತು. ಕನಕಾಂಬರದ ವಾಸನೆ ಎಂದು ಬರೆಯಹೊರಟಿದ್ದೆ. ಕನಕಾಂಬರಕ್ಕೆ ವಾಸನೆ ಎಲ್ಲಿಯದು? ನೆನಪು ಎಷ್ಟು ಸಲೀಸಾಗಿ ಸುಳ್ಳು ಹೇಳಿಸುತ್ತದೆ ನೋಡಿ.

ಧೈರ್ಯ ಮಾಡಿ ಬಸ್ಸಿನ ವಿಷಯವನ್ನೂ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ನೀನಲ್ವಲ್ಲೋ" ಎಂದಳು. ಅವಳ ಪ್ರಕಾರ ಆ ಬಸ್ಸಿನಲ್ಲಿದ್ದವನು ಅಣ್ಣ. ಅವನು ನನಗಿಂತ ಎಂಟು ವರ್ಷ ದೊಡ್ಡವನು. ಆ ರಾತ್ರಿ ಅಪ್ಪ ಹೂವಿನ ದುಡ್ಡು ಎಣಿಸುತ್ತ ಅಮ್ಮನಿಗೆ ಎಲ್ಲವನ್ನೂ ಹೇಳಿದರಂತೆ, ನಾನು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದೆನಂತೆ. ನಾನು ಒಪ್ಪಲಿಲ್ಲ. ಅವಳು ಒಂದೇ ಮಾತಿನಲ್ಲಿ ನನ್ನ ಬಾಯಿ ಮುಚ್ಚಿಸಿದಳು: ಮಂಡಿ ನೋವು ಹೆಚ್ಚಾಗಿ ಅಪ್ಪ 1982ರಲ್ಲೇ ಬಸ್ಸಿನ ಕೆಲಸ ಬಿಟ್ಟು ಡಿಪೋದೊಳಗಿನ ಕೆಲಸಕ್ಕೆ ಹೋಗಿದ್ದರು, 1986ರಲ್ಲಿ ಅವರು ಬಸ್ಸಿನಲ್ಲಿ ಟಿಕೆಟ್ ಕೊಡಲು ಹೇಗೆ ಸಾಧ್ಯ?

ಸಾಧ್ಯವಿಲ್ಲ. ಆ ಡಿಪೋಗೆ ಊಟದ ಡಬ್ಬಿ ಕೊಡಲು ನಾನೇ ಹೋಗುತ್ತಿದ್ದೆ. ಇದೂ ಗೊತ್ತಿತ್ತು, ಅದೂ ಗೊತ್ತಿತ್ತು, ಎರಡೂ ಒಟ್ಟಿಗೆ ನಿಜವಾಗಲಾರವು ಎಂಬುದು ಮಾತ್ರ ನಲವತ್ತು ವರ್ಷ ಹೊಳೆದಿರಲಿಲ್ಲ.

ಮಲ್ಲೇಶ್ವರದ ಮಲ್ಲಿಗೆ:
ಹಾಗಾದರೆ ನೀವು ಮಾಡದ ತಪ್ಪಿಗೆ ಇಷ್ಟು ವರ್ಷ ಸಂಕಟಪಟ್ಟಿರಾ? ಈಗ ಸಮಾಧಾನವಾಯಿತೇ, ಅಥವಾ ಏನನ್ನೋ ಕಳೆದುಕೊಂಡಂತೆ ಆಯಿತೇ?

ಶ್ರೀರಾಮಪುರದವ:
ಎರಡನೆಯದು. ಆ ಘಟನೆ ನನ್ನದಲ್ಲವೆಂದಾದರೆ, ಅಪ್ಪ ನನ್ನನ್ನು ಅಷ್ಟು ಹತ್ತಿರದಿಂದ ನೋಡಿದ ಕ್ಷಣವೂ ನನ್ನದಲ್ಲ.

ರಾತ್ರಿಪಾಳಿ:
ಇದು ಅಪರೂಪದ ಸಂಗತಿಯೇನಲ್ಲ. ನೆನಪು ಪೆಟ್ಟಿಗೆಯೊಳಗಿನ ಫೋಟೋ ಅಲ್ಲ, ಪ್ರತಿ ಸಲ ತೆಗೆದಾಗಲೂ ಮಿದುಳು ಅದನ್ನು ಮತ್ತೆ ಕಟ್ಟುತ್ತದೆ. ಕಟ್ಟುವಾಗ ಸಂಗತಿ ಉಳಿಯುತ್ತದೆ, ಅದು ಯಾರ ಬಾಯಿಂದ ಬಂತು ಎಂಬ ಗುರುತು ಮೊದಲು ಅಳಿಸಿಹೋಗುತ್ತದೆ. ಒಟ್ಟಿಗೆ ಬೆಳೆದ ಅಣ್ಣತಮ್ಮಂದಿರು, ಅಕ್ಕತಂಗಿಯರು ಒಂದೇ ಘಟನೆಯನ್ನು ತಮ್ಮದು ತಮ್ಮದು ಎಂದು ವಾದಿಸುವುದು ಸಂಶೋಧನೆಗಳಲ್ಲೂ ದಾಖಲಾಗಿದೆ. ಕತ್ತಲಲ್ಲಿ ಗೋಡೆಗೆ ಮುಖ ಮಾಡಿ ಮಲಗಿ, ತಂದೆಯ ಧ್ವನಿಯಲ್ಲಿ ಕೇಳಿದ ಕಥೆ ಹತ್ತು ವರ್ಷದ ಹುಡುಗನಿಗೆ ತಾನೇ ಕಂಡಂತೆ ಆಗುವುದು ಸಹಜ.

ಸಂಶಯಾತ್ಮ:
ಒಂದು ನಿಮಿಷ. ಅಕ್ಕನ ನೆನಪೂ ನೆನಪೇ ಅಲ್ಲವೇ? ಅವರೂ ಆ ಬಸ್ಸಿನಲ್ಲಿ ಇರಲಿಲ್ಲ. ತಮ್ಮನದನ್ನು ಅಳಿಸಿ ಅಕ್ಕನದನ್ನು ಕಣ್ಣು ಮುಚ್ಚಿ ನಂಬುವುದು ಯಾವ ನ್ಯಾಯ? 1982ರ ವಿಷಯ ಗಟ್ಟಿ ಸಾಕ್ಷ್ಯ, ಒಪ್ಪುತ್ತೇನೆ. ಅದರಿಂದ ಸಾಬೀತಾಗುವುದು 1986 ಅಲ್ಲ ಎಂಬುದಷ್ಟೆ. ಅಣ್ಣನವರು ಇದ್ದಾರೆಯೇ? ಇದ್ದರೆ ಅವರನ್ನು ಕೇಳದೆ ಇಲ್ಲಿ ತೀರ್ಪು ಬರೆಯುವುದು ತಪ್ಪು.

ಪಂಚಾಂಗಪ್ರಿಯ:
ಜೀವನದಲ್ಲಿ ಮೊದಲ ಸಲ ಸಂಶಯಾತ್ಮರ ಮಾತನ್ನು ಅನುಮೋದಿಸುತ್ತಿದ್ದೇನೆ.

ಟ್ಯಾಂಕ್‌ಬಂಡ್ ಹಳಬ:
ಮನೆಯಲ್ಲಿ ಕೆರೆಯ ಮಾತನ್ನಾಡುತ್ತಿದ್ದವರು ಯಾರಾದರೂ ಇದ್ದರೇ ಎಂದೂ ಕೇಳಿ. ನೀರಿನ ಲೆಕ್ಕ ನನಗಿನ್ನೂ ಪೂರ್ತಿ ಬಗೆಹರಿದಿಲ್ಲ. ಮಳೆಯ ನೀರಿಗೆ ಪಾಚಿ ಕಟ್ಟುವುದಿಲ್ಲ.

ಎರಡು ಬೆಲ್:
ಅಣ್ಣನವರನ್ನು ಕೇಳುವುದಾದರೆ ಮೆಲ್ಲಗೆ ಕೇಳಿ. ಕೆಲವರಿಗೆ ಅದು ಕಥೆ, ಅವರಿಗೆ ಹಾಗಲ್ಲದಿರಬಹುದು.

ಶ್ರೀರಾಮಪುರದವ:
ಮೂರು ದಿನ ತಡವಾಗಿ ಬರೆಯುತ್ತಿದ್ದೇನೆ. ಅಣ್ಣ ಶಿವಮೊಗ್ಗದಲ್ಲಿದ್ದಾನೆ. ನಾವು ಹಬ್ಬ ಹರಿದಿನಗಳಲ್ಲಿ ಮಾತ್ರ ಮಾತನಾಡುವವರು. ಆದ್ದರಿಂದ ಕಾರಣವಿಲ್ಲದೆ ಫೋನ್ ಮಾಡಿದ್ದಕ್ಕೆ ಅವನು ಮೊದಲು ಕೇಳಿದ್ದು "ಯಾರಿಗೇನಾಯ್ತು?" ಎಂದು.

ಹಳಬರೇ, ಕೆರೆಯ ಲೆಕ್ಕವನ್ನು ಮೊದಲು ಒಪ್ಪಿಸಿಬಿಡುತ್ತೇನೆ. ಅಪ್ಪನ ತಾಯಿ ಅಣ್ಣಮ್ಮನ ಗುಡಿಗೆ ನಮ್ಮನ್ನು ಕರೆದುಕೊಂಡು ಹೋದಾಗಲೆಲ್ಲ ಬಸ್ ನಿಲ್ದಾಣದ ಕಡೆ ಕೈ ಮಾಡಿ, ತನ್ನ ಅತ್ತೆ ಅಲ್ಲಿ ಪಾಚಿ ಸರಿಸಿ ಬಿಂದಿಗೆ ಮುಳುಗಿಸುತ್ತಿದ್ದಳೆಂದು ಹೇಳುತ್ತಿದ್ದಳಂತೆ. ನನಗೆ ಆ ಅಜ್ಜಿಯ ಮುಖವೇ ನೆನಪಿಲ್ಲ. ಪಾಚಿ ಮಾತ್ರ ಉಳಿದುಕೊಂಡಿದೆ.

ಆಮೇಲೆ ಬಸ್ಸಿನ ಮಾತು. ಎರಡು ಬೆಲ್ ಅವರು ಹೇಳಿದಂತೆ ಮೆಲ್ಲಗೆ ಎತ್ತಬೇಕೆಂದುಕೊಂಡಿದ್ದೆ, ಆದರೆ ನನ್ನ ಬಾಯಿಂದ ಅದು ಒಮ್ಮೆಲೇ ಬಂದುಬಿಟ್ಟಿತು. ಅಣ್ಣ ಬಹಳ ಹೊತ್ತು ಮಾತನಾಡಲಿಲ್ಲ. ಲೈನ್ ಕಡಿಯಿತೇನೋ ಎಂದುಕೊಂಡೆ. ನಂತರ ಕೇಳಿದ: "ಅಪ್ಪ ಮನೇಲಿ ಏನಂತ ಹೇಳಿದ್ರು?" ನೀನು ಚಿಲ್ಲರೆ ಕೇಳದೆ ಇಳಿದುಹೋದೆ ಎಂದು ಹೇಳಿದರಂತೆ, ಎಂದೆ.

"ಹಾಗಂದ್ರಾ" ಎಂದ. ಮತ್ತೆ ಮೌನ. "ನಾನು ಕೇಳಿದೆ ಕಣೋ. ಇಳಿಯೋವಾಗ ಎಲ್ಲರ ಮುಂದೆ ಕೈ ಚಾಚಿ, ಸರ್, ಚಿಲ್ಲರೆ ಅಂದೆ. ಅಪ್ಪ ಎಣಿಸಿ ಕೈಗೆ ಹಾಕಿ, ಸರಿಯಾಗಿದೆಯಾ ನೋಡ್ಕೊಳ್ಳಿ ಅಂದ್ರು."

ಅಷ್ಟು ಹೇಳಿ, ಬೆಂಗಳೂರಿನಲ್ಲಿ ಮಳೆ ನಿಂತಿತೇ ಎಂದು ವಿಚಾರಿಸಿ, ಅಣ್ಣ ಫೋನ್ ಇಟ್ಟ.

ಎರಡು ಬೆಲ್:
ಮನೆಯವರಿಗೆ ಆ ಒಂದು ಮಾತನ್ನು ಬದಲಿಸಿ ಹೇಳಿದರು ನಿಮ್ಮ ತಂದೆ. ವೇ ಬಿಲ್ಲಿನಲ್ಲಿ ಎಂದೂ ಒಂದು ಪೈಸೆ ಬದಲಿಸಿರಲಾರರು.

ಮಲ್ಲೇಶ್ವರದ ಮಲ್ಲಿಗೆ:
ಒಂದು ಕೇಳಬಹುದೇ? ನಿಮ್ಮ ಕನಸಿನ ಬಸ್ಸಿನಲ್ಲಿ ಅಣ್ಣ ಇದ್ದರೇ?

ಶ್ರೀರಾಮಪುರದವ:
ಕೆಳಗೆ ಇರಲಿಲ್ಲ. ಮೇಲೆ ಯಾರಿದ್ದರೆಂದು ನಾನು ಹತ್ತಿ ನೋಡಲಿಲ್ಲ, ನಗು ಮಾತ್ರ ಕೇಳಿಸುತ್ತಿತ್ತು.